ಮೈಸೂರಿನ ಹಳೇ ಮಹಲು: 1930ರಿಂದ 1965ರವರೆಗೆ ಇ.ಸಿ. (ಋಣಭಾರ ಪ್ರಮಾಣಪತ್ರ) ‘ನಿಲ್’, ಆದರೆ ಖಾತೆ ಮೂರು ಸಲ ಬದಲಾಗಿದೆ. ಕಾಗದ ಎಲ್ಲಿ ಹುಡುಕಬೇಕು?

ಹಳೇಮನೆ ಬರಹ ಕೇಳಿದ್ದು:

ಮೈಸೂರಿನ ಒಂದು ಹಳೇ ಮಹಲಿನ ಬಗ್ಗೆ ಪುಸ್ತಿಕೆ ತಯಾರಾಗುತ್ತಿದೆ. ಕಟ್ಟಡದ ವಿವರ, ಅಳತೆ, ಫೋಟೋ ಎಲ್ಲಾ ಆಗಿದೆ. ಯಾರಿಂದ ಯಾರಿಗೆ ಬಂತು ಅನ್ನುವ ಅಧ್ಯಾಯ ಮಾತ್ರ ನಿಂತಿದೆ. ಊರಿನವರ ಬಾಯಲ್ಲಿರುವುದು ಇಷ್ಟು: ಅರಮನೆಯವರು ಬಂಧುವೊಬ್ಬರಿಗೆ ಕಟ್ಟಿಸಿಕೊಟ್ಟದ್ದು, ಆಮೇಲೆ ಸರ್ಕಾರಿ ಕಚೇರಿ ಬಾಡಿಗೆಗಿತ್ತು, ನಂತರ ಒಂದು ವಿದ್ಯಾಸಂಸ್ಥೆ, ಈಗ ಖಾಸಗಿಯವರದು. ಮುಂಭಾಗದ ಗಾರೆಯಲ್ಲಿ 1906 ಅಂತಿದೆ.

2004ರ ನಂತರದ ಇ.ಸಿ.ಯಲ್ಲಿ ಎರಡು ವ್ಯವಹಾರ ಸಿಕ್ಕಿವೆ. 1930–1965ರ ಇ.ಸಿ. ಪೂರಾ ‘ನಿಲ್’. ಆದರೆ ಅದೇ ಅವಧಿಯಲ್ಲಿ ಪುರಸಭೆಯ ಖಾತೆಯಲ್ಲಿ ಮೂರು ಹೆಸರು ಬದಲಾಗಿವೆ. ಇದು ಹೇಗೆ ಸಾಧ್ಯ? ಅರಮನೆಯಿಂದ ಕೊಟ್ಟಿದ್ದಕ್ಕೆ ಪತ್ರ ಎಲ್ಲಿರುತ್ತದೆ? ಇನ್ನೊಂದು, ಹಳೇ ಬರಹಗಳಲ್ಲಿ 6 ಎಕರೆ ಅಂತಿದೆ, ಈಗಿರುವುದು ಸುಮಾರು 2 ಎಕರೆ 15 ಗುಂಟೆ. ಮಿಕ್ಕಿದ್ದು ಎಲ್ಲಿ ಹೋಯಿತು ಅಂತ ಲೆಕ್ಕ ಕೊಡಲು ಆಗುತ್ತದೆಯೇ?

ದಸ್ತಾವೇಜು ಉತ್ತರ:

‘ನಿಲ್’ ಅಂದರೆ ವ್ಯವಹಾರವೇ ನಡೆದಿಲ್ಲ ಅಂತಲ್ಲ. ನೀವು ನಮೂನೆ 22ರಲ್ಲಿ ಬರೆದುಕೊಟ್ಟ ಸ್ವತ್ತಿನ ವಿವರಕ್ಕೆ, ಆ ಒಂದು ಕಚೇರಿಯ ಸೂಚಿಯಲ್ಲಿ, ಆ ಅವಧಿಯಲ್ಲಿ ಏನೂ ಕಾಣಲಿಲ್ಲ ಅಂತಷ್ಟೇ ಅರ್ಥ. ಅದಕ್ಕೆ ನಮೂನೆ 16 ಕೊಟ್ಟಿರುತ್ತಾರೆ. ನಮೂದು ಸಿಕ್ಕಿದ್ದರೆ ನಮೂನೆ 15 ಕೊಡುತ್ತಿದ್ದರು.

ಬಹುತೇಕ ಎಲ್ಲರೂ ಎಡವುವುದು ಸ್ವತ್ತಿನ ವಿವರದಲ್ಲೇ. ಇವತ್ತಿನ ಬಾಗಿಲು ಸಂಖ್ಯೆ, ಇವತ್ತಿನ ರಸ್ತೆಯ ಹೆಸರು ಬರೆದು 1935ರ ಪತ್ರ ಹುಡುಕಿ ಅಂದರೆ ಸಿಗುವುದಿಲ್ಲ. ಆ ಕಾಲದ ಪತ್ರದಲ್ಲಿ ಇರುವುದು ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ), ಹಳೇ ಮುನಿಸಿಪಲ್ ನಂಬರು, ಇಲ್ಲವೇ ಹಳ್ಳಿಯ ಸರ್ವೆ ನಂಬರು. ಹಾಗಾಗಿ ಇ.ಸಿ. ಬಿಟ್ಟು ಸೂಚಿಯನ್ನೇ ನೋಡಿ. ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ 1ನೇ ಪುಸ್ತಕ (ಸ್ಥಿರಾಸ್ತಿ ಪತ್ರಗಳು) ಮತ್ತು ಅದರ ಸೂಚಿಗಳನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪರಿಶೀಲಿಸಬಹುದು. ಸೂಚಿ 2 ಸ್ವತ್ತಿನ ಪ್ರಕಾರ, ಸೂಚಿ 1 ಹೆಸರಿನ ಪ್ರಕಾರ. ಹಳೇ ಮಹಲುಗಳಿಗೆ ಸೂಚಿ 1 ಹೆಚ್ಚು ಉಪಯೋಗ. ಖಾತೆಯಲ್ಲಿರುವ ಮೂರು ಹೆಸರು ಇಟ್ಟುಕೊಂಡು, ಪ್ರತಿ ಹೆಸರನ್ನೂ ಬರೆದುಕೊಟ್ಟವರಾಗಿಯೂ ಬರೆಸಿಕೊಂಡವರಾಗಿಯೂ ನೋಡಬೇಕು. ಅರಸು, ಅರಸ್, ಅರಸಿನವರು ಅಂತ ಒಂದೇ ಹೆಸರು ಮೂರು ರೀತಿ ಬಂದಿರುತ್ತದೆ. ಸೂಚಿ ಇಂಗ್ಲಿಷಿನಲ್ಲಿದ್ದರೆ ಅಕ್ಷರವೇ ಬದಲಾಗಿ ಬೇರೆ ಪುಟಕ್ಕೆ ಹೋಗಿರುತ್ತದೆ.

ಮೈನರ್ ಹೆಸರಿನಲ್ಲಿ ಕೊಂಡಿದ್ದರೆ ಪೋಷಕರ ಹೆಸರಿನಲ್ಲೂ ಹುಡುಕಿ. ಬೆಂಗಳೂರು ಅರಮನೆಯ ವಿಷಯ ಗೊತ್ತಿರಬಹುದು. ಸೆಂಟ್ರಲ್ ಹೈಸ್ಕೂಲಿನ ಪ್ರಾಂಶುಪಾಲರಾಗಿದ್ದ ರೆವರೆಂಡ್ ಗ್ಯಾರೆಟ್ 1862ರಲ್ಲಿ ಕಟ್ಟಡ ಶುರು ಮಾಡಿಸಿದರು. 1873ರಲ್ಲಿ ಅದನ್ನು 40,000 ರೂಪಾಯಿಗೆ ಕೊಂಡದ್ದು ಹತ್ತು ವರ್ಷದ ಚಾಮರಾಜೇಂದ್ರ ಒಡೆಯರ ಪರವಾಗಿ ಅವರ ಬ್ರಿಟಿಷ್ ಪೋಷಕರು. ಆಗ ಆಡಳಿತವೇ ಬ್ರಿಟಿಷರ ಕೈಯಲ್ಲಿತ್ತು, ರಾಜ್ಯ ಮರಳಿದ್ದು 1881ರಲ್ಲಿ. ಇಂಥ ಖರೀದಿಯಲ್ಲಿ ದುಡ್ಡು ಯಾವ ಲೆಕ್ಕದಿಂದ ಹೋಯಿತು, ರಾಜರ ಸ್ವಂತದ್ದೋ ಸಂಸ್ಥಾನದ್ದೋ, ಅನ್ನುವುದನ್ನು ಪತ್ರದ ಒಕ್ಕಣೆಯಲ್ಲಿ ಪದ ಪದ ಓದಬೇಕು. ಮುಂದಿನ ಒಡೆತನ ಪೂರ್ತಿ ಅದರ ಮೇಲೆ ನಿಲ್ಲುತ್ತದೆ.

ಇನ್ನು ಕಚೇರಿ. ನೋಂದಣಿ ಇಲಾಖೆಯ ‘ಕಾವೇರಿ’ ಆನ್‌ಲೈನ್ ವ್ಯವಸ್ಥೆಯಲ್ಲಿ ಸಿಗುವುದು 1-4-2004ರಿಂದ ಈಚೆಗಿನದು. ಅದಕ್ಕೆ ಹಿಂದಿನದು ಬೈಂಡು ಪುಸ್ತಕಗಳಲ್ಲಿ, ಆ ಪ್ರದೇಶ ಆಗ ಯಾವ ಉಪನೋಂದಣಿ ಕಚೇರಿಗೆ ಸೇರಿತ್ತೋ ಅಲ್ಲಿ. ಮೈಸೂರಿನಲ್ಲಿ ಈಗ ನಾಲ್ಕು ದಿಕ್ಕಿನ ಕಚೇರಿಗಳಿವೆ, ಹಿಂದೆ ಹೀಗಿರಲಿಲ್ಲ. ಈಗಿನ ವ್ಯಾಪ್ತಿಯ ಕಚೇರಿ ‘ನಿಲ್’ ಕೊಟ್ಟರೆ, ಹಳೇ ಸಂಪುಟ ಎಲ್ಲಿದೆ ಎಂದು ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಪತ್ರ ಬರೆದ ನಾಲ್ಕು ತಿಂಗಳೊಳಗೆ ಹಾಜರುಪಡಿಸಲು ಅವಕಾಶವಿದೆ, ಆದ್ದರಿಂದ ಡಿಸೆಂಬರಿನ ಪತ್ರ ಮುಂದಿನ ವರ್ಷದ ಸೂಚಿಯಲ್ಲಿ ಇರಬಹುದು.

ಮೂರನೆಯದು, ನೋಂದಣಿ ಕಚೇರಿಗೆ ಬರದೇ ಆಗುವ ಬದಲಾವಣೆಗಳು. ನಿಮ್ಮ ಮೂರು ಹೆಸರಲ್ಲಿ ಒಂದೆರಡಾದರೂ ಇಲ್ಲಿ ಸಿಗುತ್ತವೆ ಅನ್ನಿಸುತ್ತದೆ. ತಂದೆ ತೀರಿಕೊಂಡು ಮಗನಿಗೆ ಪೌತಿ ಖಾತೆ ಆಗಿದ್ದರೆ ಪತ್ರವೇ ಇರುವುದಿಲ್ಲ. ಉಯಿಲಿಗೆ ನೋಂದಣಿ ಕಡ್ಡಾಯವಿಲ್ಲ. ಆಗಿದ್ದರೂ ಅದು 3ನೇ ಪುಸ್ತಕದಲ್ಲಿರುತ್ತದೆ, ಇ.ಸಿ.ಯಲ್ಲಿ ಬರುವುದಿಲ್ಲ. ಬರೆದವರು ತೀರಿಕೊಂಡ ಮೇಲೆ ಯಾರು ಬೇಕಾದರೂ ಅದರ ನಕಲು ಕೇಳಬಹುದು, ಮರಣದ ದಾಖಲೆ ಜೊತೆಗಿಡಿ. ಮನೆಯೊಳಗೆ ಬಾಯಿಮಾತಿನಲ್ಲಿ ಆದ ವಿಭಾಗ, ಸರ್ಕಾರ ಮಂಜೂರು ಮಾಡಿದ ಸ್ವತ್ತು, ಭೂಸ್ವಾಧೀನ, ಇವೂ ಸೂಚಿಗೆ ಬರುವುದಿಲ್ಲ.

ಖಾತೆ ಒಡೆತನದ ಸಾಕ್ಷಿ ಅಲ್ಲ, ತೆರಿಗೆ ಕಟ್ಟುವವರು ಯಾರು ಅನ್ನುವ ದಾಖಲೆ. ಆದರೆ ಖಾತೆ ಬದಲಾವಣೆಯ ಕಡತ ಬಹಳ ಬೆಲೆಯುಳ್ಳದ್ದು. ವಂಶವೃಕ್ಷ, ಉಯಿಲಿನ ನಕಲು, ತಕರಾರು ಅರ್ಜಿ, ಬಾಡಿಗೆದಾರರ ಹೇಳಿಕೆ ಎಲ್ಲಾ ಅದರೊಳಗೆ ಇರುತ್ತವೆ. ಪಾಲಿಕೆಯಲ್ಲಿ ಖಾತಾ ನಕಲು ಕೇಳಿ ಸುಮ್ಮನಾಗಬೇಡಿ, ಪೂರ್ಣ ಕಡತದ ನಕಲನ್ನೇ ಕೇಳಿ.

ಕಡತಕೋಣೆ ಉತ್ತರ:

ಅರಮನೆಯ ಭಾಗಕ್ಕೆ ನಾನು ಉತ್ತರಿಸುತ್ತೇನೆ. ‘ಅರಮನೆಯವರು ಕೊಟ್ಟರು’ ಅನ್ನುವ ಒಂದು ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿ ಅಡಗಿರಬಹುದು: ಅರಮನೆಯ ಹಣದಲ್ಲಿ ಕಟ್ಟಿಸಿ ಇರಲು ಬಿಟ್ಟದ್ದು, ದಾನಪತ್ರ ಬರೆದು ಕೊಟ್ಟದ್ದು, ಸರ್ಕಾರದ ಆದೇಶದಿಂದ ಮಂಜೂರಾದದ್ದು, ಇನಾಮು. ಮೊದಲನೆಯದರಲ್ಲಿ ಒಡೆತನ ದಾಟುವುದೇ ಇಲ್ಲ. ಪುಸ್ತಿಕೆಯಲ್ಲಿ ಕಟ್ಟಿಸಿದವರು, ವಾಸವಿದ್ದವರು, ಒಡೆಯರು ಅಂತ ಮೂರು ಸಾಲು ಬೇರೆಯಾಗಿಯೇ ಇಡಿ. ಈ ಮೂರನ್ನು ಕಲಸಿದ್ದರಿಂದಲೇ ಮೈಸೂರಿನ ಅನೇಕ ಮಹಲುಗಳ ಬಗ್ಗೆ ತಪ್ಪು ಬರಹ ಬಂದಿದೆ.

ನಾಲ್ವಡಿಯವರ ಮೂವರು ಸಹೋದರಿಯರ ಮಹಲುಗಳನ್ನೇ ನೋಡಿ. ಹಿರಿಯರಾದ ಜಯಲಕ್ಷ್ಮಮ್ಮಣ್ಣಿಯವರಿಗೆ ಜಯಲಕ್ಷ್ಮಿ ವಿಲಾಸ (1905), ಎರಡನೆಯವರಾದ ಕೃಷ್ಣಾಜಮ್ಮಣ್ಣಿಯವರ ಹೆಸರಿಗೆ ಸೇರಿದ ಕಾರಂಜಿ ವಿಲಾಸ, ಮೂರನೆಯವರಾದ ಚೆಲುವಾಜಮ್ಮಣ್ಣಿಯವರಿಗೆ ಚೆಲುವಾಂಬ ಮಹಲು. ಹುಟ್ಟು ಒಂದೇ ಮನೆತನದಲ್ಲಿ, ಇವತ್ತು ಮೂರೂ ಮೂರು ಕಡೆ. ಕುವೆಂಪು ಉಪಕುಲಪತಿಯಾಗಿದ್ದ ಕಾಲದಲ್ಲಿ (1956–60) ಮಾನಸಗಂಗೋತ್ರಿ ಕಟ್ಟುವುದಕ್ಕೆಂದು ಜಯಲಕ್ಷ್ಮಿ ವಿಲಾಸ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂತು, ಮುಂದೆ ಜಾನಪದ ವಸ್ತುಸಂಗ್ರಹಾಲಯ ಅಲ್ಲಿ ನೆಲೆಯಾಯಿತು. ಚೆಲುವಾಂಬ ಮಹಲಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ (ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ) ಇದೆ. ಕಾರಂಜಿ ಮಹಲು ಅಂಚೆ ತರಬೇತಿ ಕೇಂದ್ರ. ಅಂದರೆ ಒಂದರ ಕಾಗದ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ, ಇನ್ನೊಂದರದು ಕೇಂದ್ರದ ಸಂಶೋಧನಾ ಮಂಡಳಿಯಲ್ಲಿ, ಮತ್ತೊಂದರದು ಅಂಚೆ ಇಲಾಖೆಯಲ್ಲಿ. ವಿಶ್ವವಿದ್ಯಾನಿಲಯ 1916ರಲ್ಲಿ ತನ್ನದೇ ಕಾಯ್ದೆಯಡಿ ಹುಟ್ಟಿದ ಸ್ವತಂತ್ರ ಸಂಸ್ಥೆ. ಅದರ ಸ್ವತ್ತನ್ನು ‘ಸರ್ಕಾರದ್ದು’ ಅಂತ ಬರೆಯುವುದು ಸರಿಯಲ್ಲ.

ಆರ್‌ಟಿಐ ಹಾಕುವಾಗಲೂ ಈ ವ್ಯತ್ಯಾಸ ಬೇಕು. ರಾಜ್ಯದ ಸಂಸ್ಥೆಗೆ ಕರ್ನಾಟಕದ ನಿಯಮ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕೇಂದ್ರದ ಸಂಸ್ಥೆಗೆ 500 ಪದದವರೆಗೆ ಬರೆಯಬಹುದು. ಎರಡಕ್ಕೂ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಕಟ್ಟಡದ ಇತಿಹಾಸ ಕೊಡಿ’ ಅಂದರೆ ಅಂಥ ಮಾಹಿತಿ ಕಚೇರಿಯಲ್ಲಿಲ್ಲ ಅಂತ ಹಿಂಬರಹ ಬರುತ್ತದೆ. ‘ಈ ಸ್ವತ್ತು ಸಂಸ್ಥೆಗೆ ಹಸ್ತಾಂತರವಾದ ಆದೇಶ, ಸ್ವಾಧೀನ ಮಹಜರು, ಸ್ವತ್ತು ವಹಿಯ ಸಂಬಂಧಪಟ್ಟ ಪುಟ, ಇವುಗಳ ದೃಢೀಕೃತ ನಕಲು’ ಅಂತ ಕಾಗದದ ಹೆಸರು ಹೇಳಿ ಕೇಳಿ. ನಿಮ್ಮ ಮಹಲು ಸರ್ಕಾರಿ ಕಚೇರಿಗೆ ಬಾಡಿಗೆಗಿತ್ತು ಅಂದಿರಿ. ಬಾಡಿಗೆ ನಿಗದಿ ಮಾಡುವ ಕಡತ ಲೋಕೋಪಯೋಗಿ ಇಲಾಖೆಯಲ್ಲಿ ಇರಬೇಕು, ಅದರಲ್ಲಿ ಬಾಡಿಗೆ ಯಾರಿಗೆ ಸಂದಾಯ ಅಂತ ಇರುತ್ತದೆ. ಆ ವರ್ಷದ ಒಡೆಯರು ಯಾರು ಅನ್ನಲು ಅದಕ್ಕಿಂತ ಒಳ್ಳೇ ಸುಳಿವು ಕಡಿಮೆ.

ಸಂಸ್ಥಾನ ಕಾಲದ ಕಾಗದಕ್ಕೆ ರಾಜ್ಯ ಪತ್ರಾಗಾರ ಇಲಾಖೆ. ಮುಖ್ಯ ಕಚೇರಿ ಬೆಂಗಳೂರಿನ ವಿಧಾನಸೌಧದಲ್ಲಿ, ವಿಭಾಗೀಯ ಕಚೇರಿ ಮೈಸೂರಿನಲ್ಲೇ ಇದೆ. ಅಲ್ಲಿ ಮಹಲಿನ ಹೆಸರಿನಿಂದ ಹುಡುಕಿದರೆ ಸಿಗುವುದು ಅಪರೂಪ. ಆ ಕಾಲದ ಕಡತಗಳ ವಿಷಯ ‘ಇಂಥವರ ವಾಸಕ್ಕೆ ಕಟ್ಟಡ ದುರಸ್ತಿ’, ‘ಇಂಥವರಿಗೆ ಜಾಗ’, ‘ನೀರಿನ ಕೊಳಾಯಿ ಸಂಪರ್ಕ’ ಅಂತಿರುತ್ತದೆ. ವ್ಯಕ್ತಿಯ ಹೆಸರು ಮತ್ತು ಕೆಲಸದ ಹೆಸರಿನಿಂದ ಹುಡುಕಿ. ಮೈಸೂರು ಸರ್ಕಾರದ ಲೆಕ್ಕದ ವರ್ಷ ಜುಲೈಯಿಂದ ಜೂನ್‌ವರೆಗೆ. 1922–23 ಅಂತ ಕಂಡರೆ ಅದು ಜುಲೈ 1922ರಿಂದ ಜೂನ್ 1923. ಏಪ್ರಿಲ್–ಮಾರ್ಚ್ ಅಂದುಕೊಂಡರೆ ಒಂದು ವರ್ಷ ತಪ್ಪುತ್ತದೆ.

ಹೆಣ್ಣುಮಕ್ಕಳ ಹೆಸರು ಬಿಡಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಮದುವೆಯಾದ ಸಹೋದರಿಗೆ ಕೊಟ್ಟದ್ದು ಆಕೆಯ ಸ್ತ್ರೀಧನ, ಗಂಡನ ಸ್ವತ್ತಲ್ಲ. ಜಯಲಕ್ಷ್ಮಮ್ಮಣ್ಣಿಯವರ ಪತಿ ಕಾಂತರಾಜೇ ಅರಸರು 1919ರಿಂದ 1922ರವರೆಗೆ ದಿವಾನರು, ಹೆಸರು ದೊಡ್ಡದು. ಇಂಥ ಕಡೆ ಹುಡುಕುವವರು ಪತಿಯ ಹೆಸರಿನಲ್ಲಿ ಮಾತ್ರ ನೋಡಿ ಬರಿಗೈಯಲ್ಲಿ ಬರುತ್ತಾರೆ. ಜೊತೆಗೆ ಮೈಸೂರಿನಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ಬಂತು. 1956ರ ಉತ್ತರಾಧಿಕಾರ ಕಾಯ್ದೆಗೂ ಮುಂಚೆಯೇ ಇಲ್ಲಿನ ವಿಭಾಗ ಪತ್ರಗಳಲ್ಲಿ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳು ಪಾಲುದಾರರಾಗಿ ಕಾಣಬಹುದು. ನಿಮ್ಮ ಅವಧಿ ಸರಿಯಾಗಿ ಅದೇ.

ಸರಪಳಿ ಗುಂಟೆ ಉತ್ತರ:

6 ಎಕರೆಯ ಲೆಕ್ಕ ಕೂರಿಸಬಹುದು, ಆದರೆ ಎಲ್ಲವನ್ನೂ ಒಂದೇ ಅಳತೆಗೆ ತಂದ ಮೇಲೆ. ಹಳೇ ಪತ್ರ ಎಕರೆ–ಗುಂಟೆಯಲ್ಲಿ, ನಿವೇಶನದ ಪತ್ರ ಅಡಿಯಲ್ಲಿ, ಈಚಿನದು ಚದರ ಮೀಟರಿನಲ್ಲಿ ಇರುತ್ತದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ.

ಉದಾಹರಣೆಗೆ ಹೀಗೆ ಮಾಡಿ (ಅಂಕಿಗಳು ನಿಮ್ಮವಲ್ಲ, ರೀತಿ ತೋರಿಸಲು). 6 ಎಕರೆ, 240 ಗುಂಟೆ. ನಗರ ವಿಸ್ತರಣೆಗೆ 2 ಎಕರೆ 10 ಗುಂಟೆ ಸ್ವಾಧೀನವಾಗಿದ್ದರೆ ಉಳಿದದ್ದು 150 ಗುಂಟೆ, 1,63,350 ಚದರಡಿ. ಇದರಲ್ಲಿ 40×60ರ 20 ನಿವೇಶನ ಮಾರಿದ್ದರೆ 48,000 ಚದರಡಿ ಹೋಯಿತು. ಆ ನಿವೇಶನಗಳಿಗೆ 30 ಅಡಿ ಅಗಲ 400 ಅಡಿ ಉದ್ದದ ರಸ್ತೆ ಬಿಟ್ಟಿದ್ದರೆ ಇನ್ನೂ 12,000. ಉಳಿಯುವುದು 1,03,350 ಚದರಡಿ, ಅಂದರೆ 2 ಎಕರೆ 15 ಗುಂಟೆಗೆ ಒಂದೆರಡು ಆಣೆ ಕಡಿಮೆ. ಅಂತಿಮ ವ್ಯತ್ಯಾಸ ಒಂದೆರಡು ಗುಂಟೆಯಾದರೆ ಅಳತೆಯ ದೋಷ ಅನ್ನಬಹುದು. ಹತ್ತಿಪ್ಪತ್ತು ಗುಂಟೆ ಆದರೆ ನಿಮಗೆ ಸಿಗದ ಪತ್ರವೊಂದು ಇದೆ ಅಂತ ತಿಳಿಯಿರಿ.

ಲೆಕ್ಕದಲ್ಲಿ ಯಾವಾಗಲೂ ಕಾಣೆಯಾಗುವುದು ರಸ್ತೆ ಮತ್ತು ಖರಾಬು (ಸಾಗುವಳಿಗೆ ಬಾರದ್ದೆಂದು ಬಿಟ್ಟ ಜಾಗ). ಮಾರಾಟ ಪತ್ರಗಳನ್ನು ಮಾತ್ರ ಕೂಡಿಸಿದರೆ ರಸ್ತೆಗೆ ಬಿಟ್ಟ ಜಾಗ ಯಾವ ಪತ್ರದಲ್ಲೂ ಬರುವುದಿಲ್ಲ. ಮಹಲು ಕಟ್ಟಿದಾಗ ಅದು ಊರಾಚೆಯ ಹಳ್ಳಿಯ ಜಮೀನಾಗಿದ್ದರೆ ಆ ಹಳ್ಳಿಯ ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ಪುಸ್ತಕ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ವಹಿ), ಗ್ರಾಮ ನಕ್ಷೆಯನ್ನು ಭೂದಾಖಲೆ ಕಚೇರಿಯಲ್ಲಿ ತೆಗೆಸಿ. ಆಕಾರಬಂದ್‌ನಲ್ಲಿ ಒಟ್ಟು ವಿಸ್ತೀರ್ಣ, ಖರಾಬು, ಉಳಿದದ್ದು ಬೇರೆ ಬೇರೆ ಇರುತ್ತದೆ. 6 ಎಕರೆ ಅನ್ನುವುದು ಖರಾಬು ಸೇರಿಸಿ ಹೇಳಿದ್ದೋ ಬಿಟ್ಟು ಹೇಳಿದ್ದೋ ಅಲ್ಲೇ ಗೊತ್ತಾಗುತ್ತದೆ.

ಸ್ವಾಧೀನದ ಭಾಗಕ್ಕೆ: ಮೈಸೂರಿನಲ್ಲಿ 1903ರಿಂದಲೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಇತ್ತು, ಅದರ ಕಡತ ನಂತರ ಪ್ರಾಧಿಕಾರಕ್ಕೆ ಬಂತು. ಪ್ರಾಥಮಿಕ ಅಧಿಸೂಚನೆ, ಅಂತಿಮ ಅಧಿಸೂಚನೆ, ಐತೀರ್ಪು, ಸ್ವಾಧೀನ ಮಹಜರು, ನಾಲ್ಕೂ ಬೇಕು. ಪ್ರಾಥಮಿಕ ಅಧಿಸೂಚನೆಯಲ್ಲಿದ್ದ ಜಾಗವೆಲ್ಲಾ ಹೋಯಿತು ಅಂತ ಬರೆದುಬಿಡುತ್ತಾರೆ. ಅಂತಿಮದಲ್ಲಿ ಎಷ್ಟೋ ಸಲ ಕಡಿಮೆಯಾಗಿರುತ್ತದೆ, ಸ್ವಾಧೀನಕ್ಕೆ ತೆಗೆದುಕೊಂಡದ್ದು ಇನ್ನೂ ಕಡಿಮೆ. ಐತೀರ್ಪಿನಲ್ಲಿ ಪರಿಹಾರ ಯಾರು ಯಾರಿಗೆ ಎಷ್ಟು ಪಾಲು ಅಂತ ಹಂಚಿರುತ್ತಾರೆ. ಖಾತೆಯಲ್ಲಿ ಒಬ್ಬರ ಹೆಸರಿದ್ದರೂ ಇಲ್ಲಿ ಆರೇಳು ವಾರಸುದಾರರು ಸಿಗಬಹುದು.

ಹಳೇಮನೆ ಬರಹ:

ಸೂಚಿ 1 ನೋಡಿದ್ದಕ್ಕೆ ಫಲ ಸಿಕ್ಕಿತು. ಖಾತೆಯ ಮೊದಲ ಹೆಸರಿನಲ್ಲಿ 1934ರ ಒಂದು ಪತ್ರವಿದೆ, ‘ಮುದ್ದತ್ ಕ್ರಯ’ ಅಂತಿದೆ. ಆದರೆ 1941ರಲ್ಲಿ ಮಾರಿದವರ ಮಗನೇ ಮತ್ತೆ ಖಾತೆದಾರ. ನಡುವೆ ವಾಪಸು ಕ್ರಯ ಆದ ಪತ್ರ ಸಿಗುತ್ತಿಲ್ಲ. 1934ರಲ್ಲಿ ಮಹಲು ಮಾರಾಟವಾಯಿತು ಅಂತ ಬರೆಯಬಹುದೇ?

ದಸ್ತಾವೇಜು ಉತ್ತರ:

ಬರೆಯಬೇಡಿ. ಮುದ್ದತ್ ಕ್ರಯ ಅಂದರೆ ಇಷ್ಟು ಅವಧಿಯೊಳಗೆ ಹಣ ಹಿಂದಿರುಗಿಸಿದರೆ ಸ್ವತ್ತು ಬಿಟ್ಟುಕೊಡುವ ಷರತ್ತಿನ ಕ್ರಯ. ಬಹಳ ಸಲ ಅದು ಸಾಲಕ್ಕೆ ಕೊಟ್ಟ ಆಧಾರ. ಪತ್ರದಲ್ಲಿ ಮೂರು ವಿಷಯ ನೋಡಿ. ವಾಪಸು ಬರೆದುಕೊಡುವ ಷರತ್ತು ಅದೇ ಪತ್ರದಲ್ಲಿದೆಯೋ ಬೇರೆ ಕರಾರಿನಲ್ಲಿದೆಯೋ. ಅದೇ ಪತ್ರದಲ್ಲಿದ್ದರೆ ಆಧಾರ ಅನ್ನುವ ಕಡೆ ತೂಕ ಹೆಚ್ಚು. ಮೊಬಲಗು ಸ್ವತ್ತಿನ ಬೆಲೆಗೆ ಹತ್ತಿರವೋ ತೀರಾ ಕಡಿಮೆಯೋ. ಸ್ವತ್ತು ಬಿಟ್ಟುಕೊಟ್ಟರೋ, ಇಲ್ಲಾ ಬಾಡಿಗೆ ಕರಾರು ಬರೆದುಕೊಟ್ಟು ಅಲ್ಲೇ ಉಳಿದರೋ. ಭೋಗ್ಯವಾದರೆ ಸ್ವಾಧೀನ ಸಾಲ ಕೊಟ್ಟವರಿಗೆ ಹೋಗುತ್ತದೆ, ಬಡ್ಡಿಯ ಬದಲು ಬಾಡಿಗೆ ಅವರೇ ತಿನ್ನುತ್ತಾರೆ; ಆಗಲೂ ಒಡೆತನ ದಾಟುವುದಿಲ್ಲ.

ಹಣ ಸಂದಾಯವಾದದ್ದಕ್ಕೆ ಪತ್ರದ ಹಿಂಬದಿಯಲ್ಲೇ ಷರಾ ಬರೆದುಕೊಡುವುದು ವಾಡಿಕೆ. ಆಧಾರ ಪತ್ರದ ಮೇಲಿನ ಅಂಥ ಷರಾಕ್ಕೆ ನೋಂದಣಿ ಬೇಕಿಲ್ಲ. ನಿಮಗೆ ವಾಪಸು ಕ್ರಯ ಸಿಗದಿರುವುದಕ್ಕೆ ಕಾರಣ ಇದೇ ಇರಬಹುದು. ನೋಂದಣಿ ಕಚೇರಿಯ ನಕಲಿನಲ್ಲಿ ಈ ಷರಾ ಇರುವುದಿಲ್ಲ, ಏಕೆಂದರೆ ಅದು ಆಮೇಲೆ ಮೂಲ ಪತ್ರದ ಮೇಲೆ ಬರೆದದ್ದು. ಮೂಲ ಪತ್ರ ಈಗಿನ ಮಾಲೀಕರ ಹತ್ತಿರವೋ ಬ್ಯಾಂಕಿನಲ್ಲೋ ಇರುತ್ತದೆ. ಹಿಂಬದಿ ತೋರಿಸಿ ಅಂತಲೇ ಕೇಳಿ.

ಸಾಲ ಮುಗಿಸದೆ ದಾವಾ ನಡೆದಿದ್ದರೂ ನಡೆದಿರಬಹುದು. ಡಿಕ್ರಿ ಸೂಚಿಯಲ್ಲಿ ಬರದಿದ್ದರೂ ಕೋರ್ಟು ಹರಾಜಿನ ಮಾರಾಟ ಪ್ರಮಾಣಪತ್ರದ ಪ್ರತಿಯನ್ನು ಕೋರ್ಟು ನೋಂದಣಿ ಕಚೇರಿಗೆ ಕಳಿಸುತ್ತದೆ, ಅದು 1ನೇ ಪುಸ್ತಕಕ್ಕೆ ಸೇರುತ್ತದೆ. 1934ರಿಂದ 1941ರವರೆಗೆ ಸಾಲ ಕೊಟ್ಟವರ ಹೆಸರಿನಲ್ಲಿ ಇನ್ನೊಮ್ಮೆ ನೋಡಿ. ಅಂಥ ಪ್ರಮಾಣಪತ್ರ ಇಲ್ಲವಾದರೆ ‘1934ರಲ್ಲಿ ಮುದ್ದತ್ ಕ್ರಯಕ್ಕೆ ಕೊಡಲಾಯಿತು, 1941ರ ಹೊತ್ತಿಗೆ ಖಾತೆ ಮತ್ತೆ ಅದೇ ಮನೆತನದಲ್ಲಿತ್ತು’ ಅಂತ ಬರೆದರೆ ಕಾಗದ ಹೇಳಿದಷ್ಟನ್ನೇ ಹೇಳಿದಂತಾಗುತ್ತದೆ.

ಸುಣ್ಣಗಾರೆ ಉತ್ತರ:

ಗಾರೆಯಲ್ಲಿರುವ 1906ರ ಬಗ್ಗೆ ಒಂದು ಮಾತು. ಅದು ಮುಖಮಂಟಪ ಮುಗಿದ ವರ್ಷ ಮಾತ್ರ ಇರಬಹುದು, ಹಿಂದಿನ ತೊಟ್ಟಿಯ ಭಾಗ ಹಳೆಯದಿರಬಹುದು. ಹೆಂಚು ತಿರುಗಿಸಿ ನೋಡಿ, ಕಾರ್ಖಾನೆಯ ಮುದ್ರೆ ಇರುತ್ತದೆ. ಉಕ್ಕಿನ ತೊಲೆಯಲ್ಲೂ ತಯಾರಕರ ಹೆಸರಿರುತ್ತದೆ. ಆದರೆ ಹೆಂಚು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಬದಲಾಗುವಂಥದ್ದು, ಅದರಿಂದ ಮಾಡಿನ ವಯಸ್ಸು ಸಿಗುತ್ತದೆ, ಗೋಡೆಯದಲ್ಲ. ಮೈಸೂರಿಗೆ ವಿದ್ಯುತ್ ಬಂದದ್ದು 1908ರಲ್ಲಿ. ಹಳೇ ಮರದ ಪಟ್ಟಿಯ ವೈರಿಂಗ್ ಗಾರೆಯ ಮೇಲೆ ಆಮೇಲೆ ಹೊಡೆದಂತಿದ್ದರೆ 1906 ನಂಬಬಹುದು. ಪಟ್ಟಿಗೆ ಜಾಗ ಬಿಟ್ಟೇ ಗಾರೆ ಮಾಡಿದ್ದರೆ ಆ ಕೋಣೆ 1908ರ ನಂತರದ್ದು.

ಕಾಗದದಲ್ಲಿ ಸಂವತ್ಸರ ಮಾತ್ರ ಇದ್ದರೆ ಎಚ್ಚರ. ವಿಶ್ವಾವಸು ಅಂದರೆ 1905–06, 1965–66, 2025–26 ಮೂರೂ ಆಗುತ್ತದೆ. ವರ್ಷ ಯುಗಾದಿಯಿಂದ ಶುರು, ಆದ್ದರಿಂದ 1906ರ ಜನವರಿ, ಫೆಬ್ರವರಿಯೂ ವಿಶ್ವಾವಸುವೇ.

ಕಡತಕೋಣೆ ಉತ್ತರ:

ಪುಸ್ತಿಕೆಗೆ ಕೋಷ್ಟಕ ಮಾಡುವಾಗ ಪ್ರತಿ ಸಾಲಿಗೂ ಇಷ್ಟು ಕಲಮು ಇಡಿ: ಪತ್ರ ಬರೆದ ದಿನ, ನೋಂದಣಿ ದಿನ ಮತ್ತು ಸಂಖ್ಯೆ, ಪತ್ರದ ಬಗೆ (ಶುದ್ಧ ಕ್ರಯ, ಭೋಗ್ಯ, ದಾನ, ವಿಭಾಗ, ಹಕ್ಕು ಖುಲಾಸೆ, ಉಯಿಲು), ಕೊಟ್ಟವರು, ಪಡೆದವರು, ವಿಸ್ತೀರ್ಣ, ಚಕ್ಕುಬಂದಿ, ಮೊಬಲಗು. ಮೊಬಲಗನ್ನು ಪತ್ರದಲ್ಲಿದ್ದಂತೆ ರೂಪಾಯಿ–ಆಣೆ–ಪೈಯಲ್ಲೇ ಬರೆಯಿರಿ, ಏಪ್ರಿಲ್ 1957ರವರೆಗೆ ಅದೇ ನಾಣ್ಯ. ವಾಸವಿದ್ದವರು, ಬಾಡಿಗೆದಾರರು, ಖಾತೆದಾರರಿಗೆ ಬೇರೆ ಕೋಷ್ಟಕ.

ಚಕ್ಕುಬಂದಿಯ ಕಲಮು ಬಿಟ್ಟುಬಿಡುತ್ತಾರೆ, ಬಿಡಬೇಡಿ. 1934ರ ಪತ್ರದಲ್ಲಿ ‘ಪೂರ್ವಕ್ಕೆ ಇಂಥವರ ತೋಟ’ ಅಂತಿದ್ದು ಮುಂದಿನ ಪತ್ರದಲ್ಲಿ ‘ಪೂರ್ವಕ್ಕೆ ರಸ್ತೆ’ ಅಂತಾದರೆ, ಆ ನಡುವಿನ ವರ್ಷಗಳಲ್ಲಿ ಪೂರ್ವದ ಜಾಗ ಸ್ವಾಧೀನವಾಗಿದೆ ಅಥವಾ ಬಡಾವಣೆಯಾಗಿದೆ. ಪ್ರಾಧಿಕಾರದಲ್ಲಿ ಯಾವ ವರ್ಷಗಳ ಕಡತ ಕೇಳಬೇಕು ಅನ್ನುವುದು ಆಗ ತಾನಾಗಿ ತಿಳಿಯುತ್ತದೆ.